ಮೊದಲ ಆಪರೇಷನ್ನಿಗೆ ಮುಂಚೆ

ಮಗಾ, ನಿಮ್ಮಪ್ಪನ ಎಂಆರ್‌ಐ ರಿಪೋರ್ಟನ್ನು ಓದಿದೆ. ಸೇಕ್ರಮ್ಮಿನ ಮೂರನೆಯ ತುಂಡಿನಿಂದ ಕೆಳಕ್ಕೆ ಗಡ್ಡೆ ಬೆಳೆದಿದೆ, ಕಾರ್ಡೋಮಾ ಇರಬಹುದು ಎಂದು ಬರೆದಿದ್ದಾರೆ. ಹತ್ತಿರದ ನರ್ಸಿಂಗ್ ಹೋಮಿನಲ್ಲಿ ಮುಂದಿನ ವಾರವೇ ತೆಗೆದುಬಿಡೋಣ ಅಂದಿದ್ದಾರಂತೆ, ನೀನೂ ಅರ್ಧ ಮನಸ್ಸು ಮಾಡಿದ್ದೀಯಂತೆ. ನಿಮ್ಮಮ್ಮ ಫೋನಿನಲ್ಲಿ ಹೇಳಿದಳು. ನನ್ನ ಮಾತು ಒಂದೇ: ಆ ದಿನಾಂಕವನ್ನು ಸದ್ಯಕ್ಕೆ ಒಪ್ಪಿಕೊಳ್ಳಬೇಡ. ಈ ಕಾಯಿಲೆಯಲ್ಲಿ ಮೊದಲ ಆಪರೇಷನ್ನೇ ರೋಗಿಗೆ ಸಿಗುವ ದೊಡ್ಡ ಅವಕಾಶ. ಅದು ಸರಿಯಾದ ಜಾಗದಲ್ಲಿ, ಸರಿಯಾದ ಕೈಗಳಿಂದ ಆಗಬೇಕು. ಕಾರ್ಡೋಮಾ ನಿಧಾನವಾಗಿ ಬೆಳೆಯುವ ಗಡ್ಡೆ. ಒಳ್ಳೆಯ ತಂಡವನ್ನು ಹುಡುಕಿಕೊಂಡು ಹೋಗಲು ಎರಡು ಮೂರು ವಾರ ಹಿಡಿದರೆ ಕಳೆದುಕೊಳ್ಳುವುದು ಹೆಚ್ಚೇನೂ ಇಲ್ಲ. ಅವಸರದಲ್ಲಿ ಅರೆಬರೆ ತೆಗೆಸಿಕೊಂಡರೆ ಕಳೆದುಕೊಳ್ಳುವುದನ್ನು ಮುಂದೆ ಯಾರೂ ತುಂಬಿಕೊಡಲಾರರು.

ಒಂದು ಅಪವಾದ ಮಾತ್ರ ಇದೆ. ಮೂತ್ರ ಕಟ್ಟಿಕೊಂಡರೆ, ಮಲ ಮೂತ್ರದ ಹಿಡಿತ ಇದ್ದಕ್ಕಿದ್ದಂತೆ ತಪ್ಪಿದರೆ, ಕಾಲಿನ ಶಕ್ತಿ ಕುಂದಿದರೆ ಅದೇ ದಿನ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗು. ಅದಕ್ಕೆ ಕಾಯುವ ಹಾಗಿಲ್ಲ.

ನಾನು ಡಾಕ್ಟರಲ್ಲ ಅನ್ನುವುದು ನಿನಗೆ ಗೊತ್ತು. ಆದರೆ ಸರ್ಜರಿ ವಾರ್ಡಿನಲ್ಲಿ ನರ್ಸಾಗಿ ವಯಸ್ಸು ಸವೆಸಿದವಳು. ಇಂಥ ರೋಗಿಗಳ ಡ್ರೆಸ್ಸಿಂಗ್ ಮಾಡಿದ್ದೇನೆ, ಮಗ್ಗುಲು ತಿರುಗಿಸಿದ್ದೇನೆ, ಅವರ ಹೆಂಡಿರು ಮಕ್ಕಳು ಕಾರಿಡಾರಿನಲ್ಲಿ ಕೇಳುವ ಪ್ರಶ್ನೆಗಳನ್ನು ಕೇಳಿಸಿಕೊಂಡಿದ್ದೇನೆ. ಆ ಪ್ರಶ್ನೆಗಳು ಆಪರೇಷನ್ ಆದಮೇಲೆ ಬರುತ್ತಿದ್ದವು. ನೀನು ಮುಂಚೆಯೇ ಕೇಳಬೇಕು ಅನ್ನುವುದು ನನ್ನ ಆಸೆ.

ಮೊದಲು ಆ ಜಾಗವನ್ನು ಅರ್ಥ ಮಾಡಿಕೊ. ಸೇಕ್ರಮ್ ಅಂದರೆ ನಮ್ಮ ಪಠ್ಯಪುಸ್ತಕಗಳ ತ್ರಿಕಾಸ್ಥಿ. ಹುಟ್ಟುವಾಗ ಬೇರೆ ಬೇರೆಯಾಗಿರುವ ಐದು ಕಶೇರುಗಳು ಇಪ್ಪತ್ತೈದರ ಆಸುಪಾಸಿನ ಹೊತ್ತಿಗೆ ಕೂಡಿಕೊಂಡು ಒಂದೇ ಮೂಳೆಯಾಗುತ್ತವೆ. ಡಾಕ್ಟರುಗಳು ಮೇಲಿನಿಂದ ಕೆಳಕ್ಕೆ ಎಸ್1ರಿಂದ ಎಸ್5ರವರೆಗೆ ಎಣಿಸುತ್ತಾರೆ. ಅದರ ತುದಿಯಲ್ಲಿ ಪುಟ್ಟ ಬಾಲದ ಮೂಳೆ. ಮೈಯ ಮೇಲ್ಭಾಗದ ಭಾರವೆಲ್ಲ ಸೇಕ್ರಮ್ಮಿನ ಮೂಲಕವೇ ಎರಡು ಪಕ್ಕದ ಸೊಂಟದ ಮೂಳೆಗಳಿಗೆ, ಅಲ್ಲಿಂದ ಕಾಲುಗಳಿಗೆ ಇಳಿಯುತ್ತದೆ. ಅದರ ಮುಂದುಗಡೆಯೇ ಗುದನಾಳ ಇದೆ, ದೊಡ್ಡ ರಕ್ತನಾಳಗಳಿವೆ. ಮೂಳೆಯ ತೂತುಗಳಿಂದ ಹೊರಬರುವ ನರಗಳು ಕಾಲಿಗೂ ಮೂತ್ರಕೋಶಕ್ಕೂ ಮಲದ್ವಾರಕ್ಕೂ ಜನನಾಂಗಕ್ಕೂ ಹೋಗುತ್ತವೆ. ಅಂಗೈಯಗಲದ ಜಾಗದಲ್ಲಿ ಇಷ್ಟೆಲ್ಲ ಇರುವುದರಿಂದಲೇ ಇಲ್ಲಿಯ ಗಡ್ಡೆ ತೆಗೆಯುವುದು ಒಬ್ಬ ಸರ್ಜನ್ನಿನ ಕೆಲಸವಲ್ಲ.

ಇನ್ನು ಕಾರ್ಡೋಮಾ. ತಾಯಿಯ ಹೊಟ್ಟೆಯಲ್ಲಿ ಭ್ರೂಣದ ಬೆನ್ನು ರೂಪುಗೊಳ್ಳುವಾಗ ನೋಟೋಕಾರ್ಡ್ ಎಂಬ ಎಳೆಯೊಂದು ಇರುತ್ತದೆ. ಕಶೇರುಗಳು ಬೆಳೆದಂತೆ ಅದು ಮಾಯವಾಗುತ್ತದೆ. ಅಲ್ಲಲ್ಲಿ ಉಳಿದುಹೋದ ಅದರ ಕಣಗಳಿಂದ ಎಷ್ಟೋ ದಶಕಗಳ ಮೇಲೆ ಈ ಗಡ್ಡೆ ಹುಟ್ಟುತ್ತದೆ. ವರ್ಷಕ್ಕೆ ಹತ್ತು ಲಕ್ಷ ಜನರಲ್ಲಿ ಸುಮಾರು ಒಬ್ಬರಿಗೆ ಬರುವಷ್ಟು ಅಪರೂಪ. ತಲೆಬುರುಡೆಯ ಬುಡ ಮತ್ತು ಬೆನ್ನುಮೂಳೆಯ ಬುಡ ಅದರ ಮುಖ್ಯ ತಾಣಗಳು. ಸೇಕ್ರಮ್ಮಿನಲ್ಲಿ ಐವತ್ತು ದಾಟಿದವರಿಗೆ, ಅದರಲ್ಲೂ ಗಂಡಸರಿಗೆ ಹೆಚ್ಚು. ನಿಮ್ಮಪ್ಪ ಮಾಡಿದ ಯಾವ ಕೆಲಸದಿಂದಲೂ, ತಿಂದ ಯಾವ ಪದಾರ್ಥದಿಂದಲೂ ಬಂದದ್ದಲ್ಲ. ಹಿಂದೆ ಬಚ್ಚಲಲ್ಲಿ ಜಾರಿ ಬಿದ್ದದ್ದರಿಂದಲೂ ಅಲ್ಲ.

ಒಂದು ವರ್ಷದಿಂದ ಡಿಸ್ಕ್ ಅಂತ, ಆಮೇಲೆ ಮೂಲವ್ಯಾಧಿ ಅಂತ ಔಷಧಿ ಕೊಡಿಸಿದೆನಲ್ಲ, ಮೊದಲೇ ಗೊತ್ತಾಗಲಿಲ್ಲವಲ್ಲ ಎಂದು ನೀನು ಕೊರಗುತ್ತಿದ್ದೀಯಂತೆ. ಕೊರಗಬೇಡ. ಕೂತರೆ ನೋವು, ಮಲಬದ್ಧತೆ, ಸೊಂಟದ ಕೆಳಗೆ ಒತ್ತಿದಂತಾಗುವುದು ಸಾವಿರ ಜನರಿಗೆ ಸಾವಿರ ಸಣ್ಣ ಕಾರಣಗಳಿಗೆ ಬರುತ್ತವೆ. ಸೊಂಟದ ಎಂಆರ್‌ಐ ಮಾಡಿದರೂ ಎಷ್ಟೋ ಸಲ ಚಿತ್ರ ಸೇಕ್ರಮ್ಮಿನ ಮೇಲ್ಭಾಗಕ್ಕೇ ನಿಂತುಬಿಡುತ್ತದೆ; ಗಡ್ಡೆ ಅದರ ಕೆಳಗೆ ಇರುತ್ತದೆ. ಒಳಗೆ ಖಾಲಿ ಜಾಗ ಇರುವುದರಿಂದ ಅದು ಮುಷ್ಟಿಯಷ್ಟಾಗುವವರೆಗೂ ಸದ್ದು ಮಾಡದೆ ಬೆಳೆಯಬಹುದು. ಹೋದ ವರ್ಷವನ್ನು ಬಿಡು, ಬರುವ ತಿಂಗಳನ್ನು ನೋಡು.

ಸ್ಕ್ಯಾನಿನಲ್ಲಿ ಕಾರ್ಡೋಮಾ ಅಂತ ಕಂಡದ್ದು ಅದೇ ಆಗಿರಬೇಕೆಂದಿಲ್ಲ. ಆ ಮೂಳೆಯಲ್ಲಿ ಬೇರೆ ಜಾತಿಯ ಗಡ್ಡೆಗಳೂ ಬರುತ್ತವೆ, ಒಂದೊಂದರ ದಾರಿಯೂ ಬೇರೆ. ಪ್ರಾಸ್ಟೇಟ್, ಶ್ವಾಸಕೋಶ, ಕಿಡ್ನಿ, ಸ್ತನದ ಕ್ಯಾನ್ಸರು ಹರಡಿ ಬಂದದ್ದಾದರೆ ಅಥವಾ ಮೈಲೋಮಾ ಆದರೆ ಈ ದೊಡ್ಡ ಆಪರೇಷನ್ ಸಾಮಾನ್ಯವಾಗಿ ಬೇಕೇ ಇಲ್ಲ, ಔಷಧಿ ಮತ್ತು ರೇಡಿಯೇಷನ್ನೇ ಮುಖ್ಯ. ಇಪ್ಪತ್ತರಿಂದ ನಲವತ್ತರ ವಯಸ್ಸಿನವರಲ್ಲಿ ಹೆಚ್ಚು ಕಾಣುವ ಜೈಂಟ್ ಸೆಲ್ ಗಡ್ಡೆಗೆ ರಕ್ತನಾಳಗಳನ್ನು ಒಳಗಿನಿಂದ ಮುಚ್ಚುವುದು, ಡೆನೊಸುಮಾಬ್ ಇಂಜೆಕ್ಷನ್, ಕೆರೆದು ತೆಗೆಯುವುದು ಇವೆಲ್ಲ ಇವೆ. ಈವಿಂಗ್ ಸಾರ್ಕೋಮಾ ಆದರೆ ಕಿಮೋ ಮೊದಲು. ಶ್ವಾನೋಮಾ ಎಂಬ ನರದ ಗಡ್ಡೆ ಹೆಚ್ಚಾಗಿ ಸಾಧು ಸ್ವಭಾವದ್ದು. ಕಾರ್ಡೋಮಾ ಇವೆಲ್ಲಕ್ಕಿಂತ ಭಿನ್ನ. ಮಾಮೂಲಿ ಕಿಮೋಗೆ ಅದು ಬಗ್ಗುವುದಿಲ್ಲ. ಆದ್ದರಿಂದ ಗಡ್ಡೆ ಯಾವ ಜಾತಿಯದು ಎಂದು ತಿಳಿಯದೆ ಕತ್ತಿ ಮುಟ್ಟಿಸಬಾರದು.

ತಿಳಿಯಲು ಬಯಾಪ್ಸಿ ಬೇಕು. ಇಲ್ಲಿ ಎಚ್ಚರ ತಪ್ಪಬೇಡ. ಸೂಜಿಯನ್ನು ಬೆನ್ನಿನ ಕಡೆಯಿಂದಲೇ ಹಾಕಬೇಕು, ಮುಂದೆ ಆಪರೇಷನ್ ಮಾಡುವ ಸರ್ಜನ್ ಹೇಳಿದ ಜಾಗದಲ್ಲೇ ಹಾಕಬೇಕು. ಗಡ್ಡೆ ಬೆರಳಿಗೆ ಸಿಗುತ್ತದೆ, ಸುಲಭ ಎಂದುಕೊಂಡು ಗುದದ್ವಾರದ ಮೂಲಕ ಸೂಜಿ ಹಾಕುವುದಕ್ಕೆ ಒಪ್ಪಬೇಡ. ಸೇಕ್ರಮ್ಮಿಗೂ ಗುದನಾಳಕ್ಕೂ ನಡುವೆ ಒಂದು ಗಟ್ಟಿ ಪೊರೆ ಇರುತ್ತದೆ. ಗಡ್ಡೆ ಎಷ್ಟೇ ಬೆಳೆದರೂ ಸಾಮಾನ್ಯವಾಗಿ ಆ ಪೊರೆ ತಡೆದು ನಿಲ್ಲಿಸುತ್ತದೆ. ಗುದನಾಳದ ಕಡೆಯಿಂದ ಚುಚ್ಚಿದರೆ ಆ ತಡೆ ಒಡೆಯುತ್ತದೆ, ಗಡ್ಡೆಯ ಕಣಗಳು ಅಲ್ಲಿಗೂ ದಾಟುತ್ತವೆ. ಆಮೇಲೆ ಉಳಿಸಿಕೊಳ್ಳಬಹುದಾಗಿದ್ದ ಗುದನಾಳವನ್ನೂ ತೆಗೆಯಬೇಕಾಗಬಹುದು. ಬೆನ್ನಿನ ಕಡೆಯ ಸೂಜಿದಾರಿಯನ್ನಾದರೆ ಆಪರೇಷನ್ನಿನಲ್ಲಿ ಗಡ್ಡೆಯ ಜೊತೆಗೇ ಕತ್ತರಿಸಿ ತೆಗೆಯುತ್ತಾರೆ. ಬಂದ ತುಣುಕನ್ನು ಮೂಳೆಗಡ್ಡೆ ನೋಡಿ ಪಳಗಿದ ಪೆಥಾಲಜಿಸ್ಟ್ ಓದಬೇಕು. ಬ್ರಾಕಿಯೂರಿ ಎಂಬ ಪ್ರೋಟೀನಿನ ಗುರುತು ಸಿಕ್ಕರೆ ಕಾರ್ಡೋಮಾ ಎಂದು ಖಚಿತ ಮಾಡುವುದು ಸುಲಭವಾಗುತ್ತದೆ. ಸ್ಲೈಡು, ಬ್ಲಾಕು ಎರಡನ್ನೂ ಕೇಳಿ ಇಸ್ಕೊ. ಎರಡನೆಯ ಆಸ್ಪತ್ರೆಯವರು ಕೇಳಿಯೇ ಕೇಳುತ್ತಾರೆ.

ಮೊದಲ ಆಪರೇಷನ್ ಅಂತ ಇಷ್ಟು ಒತ್ತಿ ಯಾಕೆ ಹೇಳುತ್ತೇನೆ ಗೊತ್ತಾ? ಕಾರ್ಡೋಮಾದ ಒಳಗೆ ಲೋಳೆಯಂಥ ಪದಾರ್ಥ ಇರುತ್ತದೆ. ನಮ್ಮ ಹಿತ್ತಲಲ್ಲಿ ಕರ್ಣಕುಂಡಲದ ಗಿಡ ಇತ್ತಲ್ಲ, ಬಲಿತ ಕಾಯಿಯನ್ನು ಮುಟ್ಟಿದರೆ ಸಾಕು ಪಟ್ಟನೆ ಒಡೆದು ಬೀಜ ಎಲ್ಲೆಂದರಲ್ಲಿ ಚೆಲ್ಲುತ್ತಿತ್ತು. ಹಾಗೇ ಇದು. ಗಡ್ಡೆಯ ಮೈ ಒಡೆದರೆ ಕಣಗಳು ಗಾಯದ ತುಂಬ ಚೆಲ್ಲುತ್ತವೆ, ಮುಂದೆ ಅಲ್ಲೇ ಚಿಗುರುತ್ತವೆ. ಹಾಗಾಗಿ ಗಡ್ಡೆಯನ್ನು ಕಾಣದ ಹಾಗೆ, ಸುತ್ತಲಿನ ಒಳ್ಳೆಯ ಮೂಳೆ ಮಾಂಸದ ಹೊದಿಕೆಯೊಂದಿಗೆ, ಒಂದೇ ತುಂಡಾಗಿ ಹೊರತೆಗೆಯಬೇಕು. ಎನ್‌ಬ್ಲಾಕ್ ಎಂದು ಡಾಕ್ಟರುಗಳು ಅನ್ನುವುದು ಇದನ್ನೇ. ತುಂಡು ತುಂಡಾಗಿ ಕೆರೆದು ತೆಗೆದರೆ ನೋವು ಕೆಲವು ಕಾಲ ಇಳಿಯಬಹುದು. ಗಡ್ಡೆ ತಿರುಗಿ ಬಂದಾಗ ಜಾಗವೆಲ್ಲ ಕಲೆಗಟ್ಟಿ ಅಂಟಿಕೊಂಡಿರುತ್ತದೆ, ಎರಡನೆಯ ಆಪರೇಷನ್ನಿನಲ್ಲಿ ಗುಣವಾಗುವ ಸಾಧ್ಯತೆ ಬಹಳ ಕಡಿಮೆ.

ಇಷ್ಟು ಮೂಳೆ ತೆಗೆದರೆ ಅಪ್ಪ ನಿಲ್ಲುವುದು ಹೇಗೆ ಎಂದು ನೀನು ಕೇಳುತ್ತೀಯ. ಇದೇ ಪ್ರಶ್ನೆಯನ್ನು ಸ್ವೀಡನ್ನಿನ ಗೋಥೆನ್‌ಬರ್ಗ್ ಊರಿನ ಇಬ್ಬರು ಸರ್ಜನ್ನರು ಹಿಡಿದು ಕೂತರು, ಬೆರ್ಟಿಲ್ ಸ್ಟೇನರ್ ಮತ್ತು ಬ್ಯೋರ್ನ್ ಗುಂಟರ್‌ಬರ್ಗ್. ಗುಂಟರ್‌ಬರ್ಗ್ ಶವಗಳ ಸೊಂಟದ ಮೂಳೆಗಳ ಮೇಲೆ ಭಾರ ಹೇರಿ ಪರೀಕ್ಷಿಸಿ 1976ರಲ್ಲಿ ಪ್ರಕಟಿಸಿದರು. ಎಸ್1ರ ಕೆಳಗಿನದನ್ನೆಲ್ಲ ತೆಗೆದರೆ ಸೊಂಟದ ಬಳೆಯ ಬಲ ಸುಮಾರು ಶೇಕಡಾ 30ರಷ್ಟು ತಗ್ಗುತ್ತದೆ, ಎಸ್1ರ ನಡುವೆಯೇ ಕತ್ತರಿಸಿದರೆ ಸುಮಾರು ಅರ್ಧ ತಗ್ಗುತ್ತದೆ. ಆದರೂ ಉಳಿದದ್ದು ಮನುಷ್ಯನನ್ನು ನಿಲ್ಲಿಸಲು ಸಾಕು. 1978ರಲ್ಲಿ ಇಬ್ಬರೂ ಸೇರಿ ಸೇಕ್ರಮ್ಮನ್ನು ಎತ್ತರದಲ್ಲಿ ಕತ್ತರಿಸಿ ಗಡ್ಡೆ ತೆಗೆಯುವ ಕ್ರಮವನ್ನು ವಿವರವಾಗಿ ಬರೆದರು. ಇವತ್ತಿನ ಸರ್ಜನ್ನರೂ ಅಲ್ಲಿಂದಲೇ ಲೆಕ್ಕ ಶುರು ಮಾಡುತ್ತಾರೆ. ಸೇಕ್ರಮ್ಮನ್ನು ಪೂರ್ತಿ ತೆಗೆಯಬೇಕಾದಾಗ ಮಾತ್ರ ಬೆನ್ನುಮೂಳೆಗೂ ಸೊಂಟದ ಮೂಳೆಗೂ ಸ್ಕ್ರೂ, ರಾಡು ಹಾಕಿ ಬಿಗಿಯುತ್ತಾರೆ. ನಿಮ್ಮಪ್ಪನ ಗಡ್ಡೆ ಎಸ್3ರಿಂದ ಕೆಳಗಿರುವುದರಿಂದ ಆ ಹಂತ ಬರಲಾರದು ಎಂಬುದು ನನ್ನ ನಂಬಿಕೆ. ಖಾತ್ರಿಯನ್ನು ಸರ್ಜನ್ನೇ ಹೇಳಬೇಕು.

ಲಕ್ವ ಹೊಡೆದಂತೆ ಆಗುತ್ತದೆಯೇ ಎಂಬ ಭಯವೂ ಮನೆಯಲ್ಲಿ ಇದೆಯಂತೆ. ಬೆನ್ನುಹುರಿ ಸೊಂಟದ ಮೇಲ್ಭಾಗದಲ್ಲೇ ಮುಗಿಯುತ್ತದೆ. ಸೇಕ್ರಮ್ಮಿನೊಳಗೆ ಇರುವುದು ಅದರಿಂದ ಇಳಿದು ಬಂದ ನರಗಳು ಮಾತ್ರ. ನಡೆಯಲು ಬೇಕಾದ ನರಗಳು ಬಹುಪಾಲು ಸೊಂಟದ ಬೆನ್ನುಮೂಳೆಯಿಂದಲೂ ಎಸ್1ರಿಂದಲೂ ಹೊರಡುತ್ತವೆ. ಅವು ಉಳಿದರೆ ನಡಿಗೆ ಉಳಿಯುತ್ತದೆ. ನಿಜವಾದ ಪ್ರಶ್ನೆ ಮಲ ಮೂತ್ರದ ಹಿಡಿತದ್ದು. ಅದನ್ನು ನಡೆಸುವುದು ಎಸ್2ರಿಂದ ಎಸ್4ರವರೆಗಿನ ನರಗಳು. ಎರಡೂ ಕಡೆಯ ಎಸ್2, ಜೊತೆಗೆ ಒಂದು ಕಡೆಯದಾದರೂ ಎಸ್3 ಉಳಿದರೆ ಹೆಚ್ಚಿನವರಿಗೆ ಹಿಡಿತ ಉಳಿಯುತ್ತದೆ. ಒಂದು ಪಕ್ಕದ ನರಗಳೆಲ್ಲ ಹೋಗಿ ಇನ್ನೊಂದು ಪಕ್ಕದವು ಪೂರ್ತಿ ಉಳಿದರೂ ಬಹುಮಟ್ಟಿಗೆ ನಡೆಯುತ್ತದೆ. ಎರಡೂ ಕಡೆಯ ಎಸ್2 ಹೋದರೆ ಹಿಡಿತ ಹೋಗುತ್ತದೆ. ಗಡ್ಡೆಯ ಮೇಲಂಚಿನಿಂದ ಸ್ವಲ್ಪ ಮೇಲಕ್ಕೇ ಮೂಳೆ ಕತ್ತರಿಸಬೇಕಾಗುವುದರಿಂದ ನಿಮ್ಮಪ್ಪನ ವಿಷಯದಲ್ಲಿ ಎಸ್3ರ ನರಗಳೇ ಅನುಮಾನದಲ್ಲಿವೆ. ಯಾವ ಮಟ್ಟದಲ್ಲಿ ಕತ್ತರಿಸುತ್ತೀರಿ, ಯಾವ ನರ ಉಳಿಯುತ್ತದೆ, ಯಾವುದು ಹೋಗುತ್ತದೆ ಎಂದು ಚಿತ್ರ ಬರೆಸಿಕೊಂಡು ಕೇಳು. ಒಳ್ಳೆಯ ಸರ್ಜನ್ ಬೇಸರ ಮಾಡಿಕೊಳ್ಳುವುದಿಲ್ಲ.

ಒಂದು ನರವನ್ನು ಉಳಿಸಲು ಹೋದರೆ ಗಡ್ಡೆಯ ಅಂಚು ಉಳಿಯಬಹುದು. ಅಂಚು ಪೂರ್ತಿ ಬರಬೇಕೆಂದರೆ ನರ ಹೋಗಬಹುದು. ಈ ಆಪರೇಷನ್ನಿನ ಕಷ್ಟವೆಲ್ಲ ಇಲ್ಲಿದೆ. ಅದಕ್ಕೇ ಹೇಳುತ್ತೇನೆ, ನಿಮ್ಮಪ್ಪನಿಂದ ಏನನ್ನೂ ಮುಚ್ಚಿಡಬೇಡ. ಸಣ್ಣ ಗಂಟು, ತೆಗೆದರೆ ಸರಿಹೋಗುತ್ತದೆ ಅಂತ ಹೇಳಿ ಸಹಿ ಹಾಕಿಸಿಕೊಳ್ಳುವ ಮಕ್ಕಳನ್ನು ನೋಡಿದ್ದೇನೆ. ಪ್ರೀತಿಯಿಂದಲೇ ಮಾಡುತ್ತಾರೆ. ಆದರೆ ಎಚ್ಚರವಾದ ಮೇಲೆ ಕ್ಯಾಥೆಟರನ್ನೂ ಮರಗಟ್ಟಿದ ಮೈಯನ್ನೂ ಕಂಡು ಆ ಮನುಷ್ಯ ಯಾರನ್ನು ನಂಬಬೇಕು? ಇಷ್ಟು ಕಾಲ ಸಂಸಾರ ನಡೆಸಿದವರು ಅವರು. ತನ್ನ ಮೈಯಲ್ಲಿ ಯಾವುದನ್ನು ಬಿಟ್ಟುಕೊಟ್ಟು ಯಾವುದನ್ನು ಉಳಿಸಿಕೊಳ್ಳಬೇಕೆಂದು ಅವರೇ ಹೇಳಲಿ. ಮೊದಲೇ ತಿಳಿದು ಒಪ್ಪಿಕೊಂಡವರು ಆಮೇಲೆ ಅಭ್ಯಾಸ ಮಾಡಿಕೊಳ್ಳುವ ಬಗೆಯೇ ಬೇರೆ, ಇದನ್ನು ವಾರ್ಡಿನಲ್ಲಿ ಕಣ್ಣಾರೆ ಕಂಡಿದ್ದೇನೆ.

ಇನ್ನೊಂದು ಮಾತು ನಿನ್ನ ಬಾಯಲ್ಲಿ ಬರುವುದು ಕಷ್ಟ, ನಾನೇ ಹೇಳುತ್ತೇನೆ. ಗಂಡಸರ ಲೈಂಗಿಕ ಶಕ್ತಿಯೂ ಇದೇ ನರಗಳನ್ನು ಅವಲಂಬಿಸಿದೆ. ವಯಸ್ಸಾಯಿತಲ್ಲ, ಇದನ್ನೆಲ್ಲ ಯಾಕೆ ಕೇಳುವುದು ಎಂದು ನಾವು ತೀರ್ಮಾನಿಸಬಾರದು. ಅಪ್ಪ ಅಮ್ಮ ಇಬ್ಬರನ್ನೇ ಸರ್ಜನ್ ಹತ್ತಿರ ಕೂರಿಸಿ, ನೀನು ಹತ್ತು ನಿಮಿಷ ಹೊರಗೆ ಬಾ. ಕೇಳಬೇಕೆನಿಸಿದ್ದನ್ನು ಅವರು ಕೇಳಿಕೊಳ್ಳಲಿ.

ಎಲ್ಲಿಗೆ ಹೋಗಬೇಕು? ಬೆಂಗಳೂರಿನಲ್ಲಿ 1973ರಿಂದ ನಡೆಯುತ್ತಿರುವ ಕಿದ್ವಾಯಿ ಸಂಸ್ಥೆ ಇದೆ, ಮುಂಬೈಯಲ್ಲಿ 1941ರಲ್ಲಿ ಶುರುವಾದ ಟಾಟಾ ಮೆಮೊರಿಯಲ್ ಇದೆ, ದೊಡ್ಡ ಖಾಸಗಿ ಆಸ್ಪತ್ರೆಗಳೂ ಇವೆ. ಹೆಸರಿಗಿಂತ ತಂಡ ನೋಡು. ಮೂಳೆಗಡ್ಡೆಯ ಸರ್ಜನ್ ಅಥವಾ ಸ್ಪೈನ್ ಸರ್ಜನ್, ಹೊಟ್ಟೆಯ ಕಡೆಯಿಂದ ಗುದನಾಳವನ್ನು ಬಿಡಿಸಿಕೊಡುವ ಕೊಲೊರೆಕ್ಟಲ್ ಸರ್ಜನ್, ಗಾಯ ಮುಚ್ಚುವ ಪ್ಲಾಸ್ಟಿಕ್ ಸರ್ಜನ್, ರೇಡಿಯೇಷನ್ ಡಾಕ್ಟರು, ಪಳಗಿದ ಅರಿವಳಿಕೆ ತಂಡ, ರಕ್ತನಿಧಿ, ಐಸಿಯು ಇಷ್ಟೂ ಒಂದೇ ಸೂರಿನಡಿ ಇರಬೇಕು. ನೀವು ಇಂಥ ಎಷ್ಟು ಆಪರೇಷನ್ ಮಾಡಿದ್ದೀರಿ ಎಂದು ವಿನಯದಿಂದ, ಆದರೆ ಸಂಕೋಚವಿಲ್ಲದೆ ಕೇಳು. ನಿಮ್ಮಪ್ಪನ ವಿಷಯವನ್ನು ಟ್ಯೂಮರ್ ಬೋರ್ಡಿನಲ್ಲಿ, ಅಂದರೆ ಎಲ್ಲ ವಿಭಾಗದವರೂ ಕೂತು ಮಾತಾಡುವ ಸಭೆಯಲ್ಲಿ, ಇಡುತ್ತಾರೆಯೇ ಎಂದೂ ಕೇಳು.

ದುಡ್ಡಿನ ಮಾತನ್ನೂ ಆಗಲೇ ಮುಗಿಸಿಕೊ. ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಬಿಪಿಎಲ್ ಕಾರ್ಡಿನ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ನೆರವಿದೆ. ಈ ಆಪರೇಷನ್ನಿನ ಯಾವ ಯಾವ ಖರ್ಚು ಅದರಲ್ಲಿ ಬರುತ್ತದೆ, ಸರ್ಕಾರಿ ಆಸ್ಪತ್ರೆಯ ರೆಫರಲ್ ಪತ್ರ ಬೇಕೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ಕೇಳು. ಜಮೀನು ಮಾರುವ ಯೋಚನೆಗೆ ಮುಂಚೆ ಈ ಕೌಂಟರಿನ ಮುಂದೆ ನಿಲ್ಲು.

ರೇಡಿಯೇಷನ್ ಬಗ್ಗೆಯೂ ಆಪರೇಷನ್ನಿಗೆ ಮುಂಚೆಯೇ ಮಾತಾಗಬೇಕು. ಕಾರ್ಡೋಮಾ ಸಣ್ಣ ಪ್ರಮಾಣದ ರೇಡಿಯೇಷನ್ನಿಗೆ ಜಗ್ಗುವುದಿಲ್ಲ. ಗ್ರೇ ಎಂಬ ರೇಡಿಯೇಷನ್ ಅಳತೆಯಲ್ಲಿ 70ಕ್ಕಿಂತ ಹೆಚ್ಚಿನ ಪ್ರಮಾಣ ಬೇಕಾಗುತ್ತದೆ. ಪಕ್ಕದಲ್ಲೇ ಕರುಳು, ನರ ಇರುವಾಗ ಅಷ್ಟನ್ನು ಕೊಡುವುದು ಸೂಕ್ಷ್ಮದ ಕೆಲಸ. ಅದಕ್ಕೇ ಪ್ರೋಟಾನ್ ಚಿಕಿತ್ಸೆಯ ಹೆಸರು ಇಲ್ಲಿ ಬರುತ್ತದೆ. ಚೆನ್ನೈಯ ಅಪೋಲೋದಲ್ಲಿ ಅದು 2019ರಲ್ಲಿ ಶುರುವಾಯಿತು, ನವಿ ಮುಂಬೈಯ ಖಾರ್ಘರ್‌ನಲ್ಲಿರುವ ಟಾಟಾ ಮೆಮೊರಿಯಲ್ಲಿನ ಕೇಂದ್ರದಲ್ಲೂ ಇದೆ. ಜಪಾನಿನ ಚಿಬಾದಲ್ಲಿ 1994ರಿಂದ ಕಾರ್ಬನ್ ಕಣಗಳ ಚಿಕಿತ್ಸೆ ನಡೆಯುತ್ತಿದೆ. ಆಪರೇಷನ್ ಮಾಡಿದರೆ ಕಳೆದುಕೊಳ್ಳುವುದೇ ಹೆಚ್ಚು ಅನ್ನಿಸುವಷ್ಟು ಎತ್ತರದ ಗಡ್ಡೆಗಳಿಗೆ ಆಪರೇಷನ್ ಬದಲಿಗೇ ಇಂಥ ರೇಡಿಯೇಷನ್ ಕೊಡುವ ದಾರಿಯೂ ಇದೆ. ರಾಡು ಹಾಕುವ ಪ್ರಸಂಗ ಬಂದರೆ ಲೋಹವು ಮುಂದಿನ ರೇಡಿಯೇಷನ್ ಲೆಕ್ಕಕ್ಕೆ ಅಡ್ಡಿಯಾಗುತ್ತದೆ. ಆದ್ದರಿಂದ ಸರ್ಜನ್ನೂ ರೇಡಿಯೇಷನ್ ಡಾಕ್ಟರೂ ಮೊದಲೇ ಮಾತಾಡಿಕೊಂಡಿರಬೇಕು.

ದಿನಾಂಕ ಗೊತ್ತಾದ ಮೇಲೆ ಉಳಿದ ದಿನಗಳನ್ನು ಮೈ ಗಟ್ಟಿ ಮಾಡಲು ಬಳಸಿಕೊ. ಬೀಡಿ, ಸಿಗರೇಟು ಇವತ್ತೇ ನಿಲ್ಲಲಿ. ಗಾಯ ಕೂಡುವುದನ್ನು ಅದರಷ್ಟು ಕೆಡಿಸುವುದು ಬೇರೆ ಇಲ್ಲ. ಸಕ್ಕರೆ ಹತೋಟಿಗೆ ಬರಲಿ. ಬೇಳೆ, ಮೊಟ್ಟೆ, ಹಾಲು, ಮೊಳಕೆಕಾಳು ಚೆನ್ನಾಗಿ ತಿನ್ನಲಿ, ಪಥ್ಯ ಅಂತ ಗಂಜಿಯಲ್ಲಿ ಕೂರಿಸಬೇಡ. ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಅದನ್ನು ತಪ್ಪದೆ ಹೇಳು. ರಕ್ತ ಬಹಳ ಬೇಕಾಗಬಹುದು, ದಾನಿಗಳನ್ನು ಮುಂಚಿತವಾಗಿ ಹೊಂದಿಸು. ಯಾರೋ ಹೇಳಿದರು ಅಂತ ಎಣ್ಣೆ ತಿಕ್ಕಿಸುವುದು, ಮೂಳೆ ಕೂರಿಸುವವರ ಹತ್ತಿರ ಒತ್ತಿಸುವುದು ಬೇಡವೇ ಬೇಡ.

ಇನ್ನು ಆಪರೇಷನ್ನಿನ ಕ್ರಮ. ಕತ್ತರಿಸುವ ಮಟ್ಟ ಕೆಳಗಿದ್ದರೆ ಬೆನ್ನಿನ ಕಡೆಯಿಂದಲೇ ಮುಗಿಸುತ್ತಾರೆ. ಎತ್ತರದಲ್ಲಿದ್ದರೆ ಮೊದಲು ಹೊಟ್ಟೆಯ ಕಡೆಯಿಂದ ರಕ್ತನಾಳಗಳನ್ನು ಕಟ್ಟಿ, ಗುದನಾಳವನ್ನು ಬಿಡಿಸಿ, ಆಮೇಲೆ ಮಗುಚಿ ಮಲಗಿಸಿ ಬೆನ್ನಿನ ಕಡೆಯಿಂದ ತೆಗೆಯುತ್ತಾರೆ. ಕೆಲವೊಮ್ಮೆ ಎರಡು ಬೇರೆ ದಿನ ಮಾಡುತ್ತಾರೆ. ದೊಡ್ಡದಾದರೆ ಹತ್ತು ಹನ್ನೆರಡು ಗಂಟೆಯೂ ಆಗಬಹುದು. ಥಿಯೇಟರಿನಿಂದ ಯಾರೂ ಹೊರಗೆ ಬರಲಿಲ್ಲ ಅಂತ ಗಾಬರಿಯಾಗಬೇಡ. ನಿಮ್ಮಮ್ಮನಿಗೆ ಊಟ ಮಾಡಿಸು, ನೀನೂ ಮಾಡು. ಐಸಿಯುವಿನಲ್ಲಿ ಮೊದಲ ಸಲ ನೋಡಿದಾಗ ಮುಖ ಊದಿಕೊಂಡಿರಬಹುದು. ಬಹಳ ಹೊತ್ತು ಕವುಚಿ ಮಲಗಿಸಿದ್ದರಿಂದ ಆದದ್ದು, ಇಳಿಯುತ್ತದೆ.

ಆಮೇಲಿನ ದೊಡ್ಡ ಹೋರಾಟ ಗಾಯದ್ದು. ಮೂಳೆ ತೆಗೆದ ಜಾಗ ಟೊಳ್ಳಾಗಿರುತ್ತದೆ, ಮಲದ್ವಾರ ಪಕ್ಕದಲ್ಲೇ ಇದೆ, ಮಲಗಿದರೆ ಭಾರವೂ ಅಲ್ಲಿಗೇ ಬೀಳುತ್ತದೆ. ಅದಕ್ಕೇ ಪೃಷ್ಠದ ಅಥವಾ ಹೊಟ್ಟೆಯ ಸ್ನಾಯುವನ್ನು ರಕ್ತನಾಳ ಸಮೇತ ತಿರುಗಿಸಿ ತಂದು ತುಂಬುತ್ತಾರೆ, ಇದಕ್ಕೆ ಫ್ಲ್ಯಾಪ್ ಅನ್ನುತ್ತಾರೆ. ಇಷ್ಟಾದರೂ ಗಾಯ ಬಿಡುವುದು, ಕೀವಾಗುವುದು ಈ ಆಪರೇಷನ್ನಿನಲ್ಲಿ ಸಾಮಾನ್ಯ. ಮತ್ತೊಮ್ಮೆ ಥಿಯೇಟರಿಗೆ ಕರೆದುಕೊಂಡು ಹೋಗಬೇಕೆಂದರೆ ಆಪರೇಷನ್ ಫೇಲಾಯಿತು ಅಂತ ತಿಳಿಯಬೇಡ. ಎಷ್ಟು ವಾರ ಕೂರಬಾರದು ಎಂದು ಪ್ಲಾಸ್ಟಿಕ್ ಸರ್ಜನ್ ಹೇಳುತ್ತಾರೋ ಅಷ್ಟೂ ದಿನ ಕೂರಿಸಬೇಡ, ನೋಡಲು ಬಂದ ನೆಂಟರ ಮರ್ಯಾದೆಗೂ ಕೂರಿಸಬೇಡ. ಎರಡು ಗಂಟೆಗೊಮ್ಮೆ ಮಗ್ಗುಲು ತಿರುಗಿಸುವುದು ರಾತ್ರಿಯೂ ನಡೆಯಬೇಕು. ಅದಕ್ಕೆ ಸರದಿ ಹಾಕಿಕೊಳ್ಳಿ, ಎಲ್ಲವನ್ನೂ ನಿಮ್ಮಮ್ಮನ ಮೇಲೆ ಹೇರಬೇಡ.

ಮೂತ್ರದ ಹಿಡಿತ ಬರದಿದ್ದರೆ ನಾಲ್ಕರಿಂದ ಆರು ಗಂಟೆಗೊಮ್ಮೆ ಶುಚಿಯಾದ ಕ್ಯಾಥೆಟರ್ ಹಾಕಿ ಖಾಲಿ ಮಾಡುವುದನ್ನು ಅವರೇ ಕಲಿಯಬಹುದು. ನರ್ಸ್ ಕಲಿಸುತ್ತಾರೆ, ಕೆಲವೇ ದಿನಗಳಲ್ಲಿ ಕೈ ಕೂರುತ್ತದೆ. ಕ್ಯಾಥೆಟರನ್ನು ಸದಾ ಮೈಯಲ್ಲೇ ಬಿಟ್ಟುಕೊಂಡಿರುವುದಕ್ಕಿಂತ ಇದು ಕಿಡ್ನಿಗೂ ಒಳ್ಳೆಯದು, ಸ್ವಾತಂತ್ರ್ಯವೂ ಹೆಚ್ಚು. ಮಲಕ್ಕೆ ದಿನದ ಒಂದು ಹೊತ್ತು ಗೊತ್ತು ಮಾಡಿ, ಆಹಾರ, ಸಪೊಸಿಟರಿ, ಎನಿಮಾಗಳಿಂದ ಒಂದು ಕ್ರಮಕ್ಕೆ ತರಬಹುದು. ಯಾರಿಗಾದರೂ ಹೊಟ್ಟೆಯ ಮೇಲೆ ಸ್ಟೋಮಾ, ಅಂದರೆ ಮಲ ಹೊರಹೋಗುವ ದಾರಿ, ಮಾಡಬೇಕಾದರೆ ಅದರೊಂದಿಗೂ ಕೆಲಸಕ್ಕೆ, ಮದುವೆ ಮುಂಜಿಗೆ ಹೋಗಿಬರುವವರಿದ್ದಾರೆ. ಮರಗಟ್ಟಿದ ಚರ್ಮದ ಬಗ್ಗೆ ಎಚ್ಚರ ಇರಲಿ. ಬಿಸಿನೀರಿನ ಚೀಲ ಇಡಬೇಡ, ಸುಟ್ಟರೂ ಅವರಿಗೆ ಗೊತ್ತಾಗುವುದಿಲ್ಲ. ದಿನಾ ಒಮ್ಮೆ ಕನ್ನಡಿ ಹಿಡಿದು ಹುಣ್ಣಾಗಿದೆಯೇ ನೋಡಬೇಕು. ನೆಲದ ಮೇಲೆ ಕೂರುವುದು, ತುದಿಗಾಲಲ್ಲಿ ಕೂರುವ ಕಕ್ಕಸು ಬೇಡ. ಅವರು ಆಸ್ಪತ್ರೆಯಲ್ಲಿರುವಾಗಲೇ ಮನೆಯಲ್ಲಿ ಕಮೋಡು, ಪಕ್ಕದಲ್ಲಿ ಹಿಡಿಕೆ ಹಾಕಿಸು. ಕೂರಲು ದಪ್ಪ ಫೋಮಿನ ಅಥವಾ ಜೆಲ್ಲಿನ ದಿಂಬು ಕೊಡಿಸು.

ತೆಗೆದ ತುಂಡಿನ ಪೆಥಾಲಜಿ ರಿಪೋರ್ಟು ಬಂದಾಗ ಅಂಚಿನ ಬಗ್ಗೆ ಏನು ಬರೆದಿದ್ದಾರೆ ಎಂದು ಕೇಳಿ ತಿಳಿದುಕೊ. ಮುಂದಿನ ರೇಡಿಯೇಷನ್ ತೀರ್ಮಾನ ಅದರ ಮೇಲೆ ನಿಂತಿದೆ. ಈ ಗಡ್ಡೆ ಐದು ವರ್ಷ ಸುಮ್ಮನಿದ್ದು ಹತ್ತನೆಯ ವರ್ಷ ತಲೆ ಎತ್ತಬಹುದು, ಶ್ವಾಸಕೋಶಕ್ಕೂ ಹೋಗಬಹುದು. ಮೊದಲ ವರ್ಷಗಳಲ್ಲಿ ಆರು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ ಎಂಆರ್‌ಐ, ಎದೆಯ ಸ್ಕ್ಯಾನ್ ಎಂದು ಹೇಳುತ್ತಾರೆ. ಚೆನ್ನಾಗಿ ನಡೆದಾಡುತ್ತಿದ್ದಾರಲ್ಲ ಅಂತ ಒಂದನ್ನೂ ತಪ್ಪಿಸಬೇಡ. ಎಲ್ಲ ಸಿಡಿ, ಸ್ಲೈಡು, ಡಿಸ್ಚಾರ್ಜ್ ಚೀಟಿ ಒಂದೇ ಫೈಲಿನಲ್ಲಿರಲಿ.

ಮನೆಗೆ ಬಂದ ಮೇಲೆ ಅವರನ್ನು ಕೋಣೆಯ ಮೂಲೆಯ ರೋಗಿಯಾಗಿ ಮಾಡಬೇಡ. ತೋಟದ ಲೆಕ್ಕ, ಮೊಮ್ಮಗಳ ಫೀಸು, ಹಬ್ಬಕ್ಕೆ ಯಾರನ್ನು ಕರೆಯಬೇಕು ಎಲ್ಲವನ್ನೂ ಮೊದಲಿನ ಹಾಗೆ ಅವರನ್ನೇ ಕೇಳು. ನಿಧಾನವಾಗಿ ನಡೆಯುತ್ತಾರೆ, ಬೇಗ ದಣಿಯುತ್ತಾರೆ, ಕೆಲವು ದಿನ ಸಿಡುಕುತ್ತಾರೆ. ಅದನ್ನೆಲ್ಲ ತಡೆದುಕೊ. ನೋವಿನ ಮಾತ್ರೆಯನ್ನು ನೋವು ಏರಿದ ಮೇಲೆ ಕೊಡಬೇಡ, ಹೇಳಿದ ಹೊತ್ತಿಗೆ ಕೊಡು.

ಈಗ ಮಾಡಬೇಕಾದ್ದು ಇಷ್ಟು. ನರ್ಸಿಂಗ್ ಹೋಮಿನವರಿಗೆ ಫೋನ್ ಮಾಡಿ, ದೊಡ್ಡ ಆಸ್ಪತ್ರೆಯಲ್ಲಿ ಒಮ್ಮೆ ತೋರಿಸಿಕೊಂಡು ಬರುತ್ತೇವೆ ಎಂದು ಗೌರವದಿಂದ ಹೇಳು. ಸ್ಕ್ಯಾನಿನ ಸಿಡಿ ತೆಗೆದುಕೊ, ಬರಿಯ ರಿಪೋರ್ಟು ಸಾಲದು. ಕೇಳಬೇಕಾದ್ದನ್ನು ಒಂದು ಹಾಳೆಯಲ್ಲಿ ಬರೆದುಕೊ, ಆದರೆ ಮೊದಲ ಪ್ರಶ್ನೆಯನ್ನು ನಿಮ್ಮಪ್ಪನೇ ಕೇಳಲಿ. ಆಪರೇಷನ್ನಾದ ಮೊದಲ ವಾರಗಳ ರಾತ್ರಿ ಸರದಿಗೆ ನಾನು ಬರುತ್ತೇನೆ, ನನ್ನ ಹೆಸರನ್ನೂ ಪಟ್ಟಿಯಲ್ಲಿ ಸೇರಿಸಿಕೊ.